ಹೊಟ್ಟೆಯ ಮಾತು, ಮನಸ್ಸಿನ ಕಾನೂನು

ಗರ್ಭಪಾತ ಎಂಬುದು ಪುಸ್ತಕದ ಪದ. ಹಿತ್ತಲಲ್ಲಿ, ಅಡುಗೆಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕನ್ನಡದ ಹೆಂಗಸರು ಆಡುವ ಮಾತೇ ಬೇರೆ. ‘ನಿಂತಿತ್ತು, ತೆಗೆಸಿದೆ’ ಅನ್ನುತ್ತಾರೆ. ‘ಹೊಟ್ಟೆ ತೊಳೆಸಿಕೊಂಡು ಬಂದಳು’ ಅನ್ನುತ್ತಾರೆ. ಪೇಟೆಯಲ್ಲಾದರೆ ‘ಡಿ ಅಂಡ್ ಸಿ ಆಯ್ತು’. ಇವೆಲ್ಲ ಹೊಟ್ಟೆಗೆ ಸೇರಿದ ಮಾತುಗಳು. ಆ ದಿನಗಳಲ್ಲಿ ಅವಳಿಗೆ ನಿದ್ದೆ ಬಂತೇ, ಊಟ ಸೇರಿತೇ, ಯಾರ ಮುಂದಾದರೂ ಅತ್ತಳೇ ಎಂಬುದಕ್ಕೆ ಈ ಮಾತುಗಳಲ್ಲಿ ಜಾಗವಿಲ್ಲ.

ಹಾಗಿದ್ದರೂ ಇದೇ ಹೆಂಗಸರಿಗೆ ಆಸ್ಪತ್ರೆಯ ಬಾಗಿಲು ತೆರೆದ ಭಾರತದ ಕಾನೂನು ಬಹುಮಟ್ಟಿಗೆ ನಿಂತಿರುವುದು ಮನಸ್ಸಿನ ಮೇಲೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ, ಅಂದರೆ ಎಂಟಿಪಿ ಕಾಯ್ದೆ, ಹೆಣ್ಣಿನ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿಯಾಗುವಂತಿದ್ದರೆ ವೈದ್ಯರು ಗರ್ಭಪಾತ ಮಾಡಬಹುದು ಎಂದಿತು. ಅರ್ಧ ಶತಮಾನದಿಂದ ಲಕ್ಷಾಂತರ ಹೆಂಗಸರು ಈ ಒಂದು ಮಾತನ್ನು ಹಿಡಿದು ಆ ಬಾಗಿಲು ದಾಟಿದ್ದಾರೆ. ಮನಸ್ಸು ಎಂಬ ಪದ ಈ ಕಾನೂನಿನೊಳಗೆ ಹೇಗೆ ಬಂತು, ಯಾರು ತಂದರು, ಯಾರ ಮನಸ್ಸನ್ನು ಯಾರು ಅಳೆದರು ಎಂಬುದಕ್ಕೆ ಒಂದು ಉದ್ದನೆಯ ಚರಿತ್ರೆಯಿದೆ.

ಅದಕ್ಕೂ ಮುಂಚಿನ ಕಾನೂನಿಗೆ ಮನಸ್ಸಿನ ಗೊಡವೆಯೇ ಇರಲಿಲ್ಲ. ಬ್ರಿಟಿಷರು 1860ರಲ್ಲಿ ಬರೆದು 1862ರಿಂದ ಜಾರಿಗೆ ತಂದ ಭಾರತೀಯ ದಂಡ ಸಂಹಿತೆಯ 312ನೇ ಕಲಮು ಗರ್ಭ ತೆಗೆಸಿದವರಿಗೆ 3 ವರ್ಷದವರೆಗೆ ಜೈಲು ಎಂದಿತು. ಹೊಟ್ಟೆಯೊಳಗೆ ಕೂಸು ಮಿಸುಕುವಷ್ಟು ತಿಂಗಳಾಗಿದ್ದರೆ 7 ವರ್ಷ. ತನ್ನ ಬಸಿರನ್ನು ತಾನೇ ಇಳಿಸಿಕೊಂಡವಳೂ ಅಪರಾಧಿಯೇ ಎಂದು ಕಲಮಿನ ಕೆಳಗೇ ವಿವರಣೆಯಿತ್ತು. ವಿನಾಯಿತಿ ಇದ್ದದ್ದು ಒಂದಕ್ಕೆ ಮಾತ್ರ, ಹೆಣ್ಣಿನ ಜೀವ ಉಳಿಸಲು. ಜೀವವಿದ್ದರೆ ಸಾಕು, ಬದುಕು ಏನಾದರೂ ಆಗಲಿ ಎಂಬ ಲೆಕ್ಕ ಅದು.

ಆ ಲೆಕ್ಕ ಎಲ್ಲಿಗೆ ಮುಟ್ಟಿಸುತ್ತಿತ್ತು ಎಂಬುದನ್ನು ಪುಣೆಯಲ್ಲಿ ಜ್ಯೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ಕಣ್ಣಾರೆ ಕಂಡರು. ಮೋಸಹೋಗಿ ಬಸಿರಾದ ಕಾಶಿಬಾಯಿ ಎಂಬ ಬ್ರಾಹ್ಮಣ ವಿಧವೆ ಹೆತ್ತ ಕೂಸನ್ನು ಕೊಂದು ಬಾವಿಗೆ ಹಾಕಿದಳೆಂದು ಅಂಡಮಾನಿಗೆ ಹೋದಳು. ಆ ಘಟನೆಯ ಬೆನ್ನಿಗೇ, 1863ರಲ್ಲಿ, ಫುಲೆ ದಂಪತಿ ತಮ್ಮ ಮನೆಯಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ವಿಧವೆಯರೇ, ಗುಟ್ಟಾಗಿ ಬನ್ನಿ, ಹೆರಿಗೆ ಮಾಡಿಸಿಕೊಂಡು ಹೋಗಿ, ಕೂಸನ್ನು ಬಿಡುವುದೋ ಒಯ್ಯುವುದೋ ನಿಮ್ಮಿಷ್ಟ ಎಂಬ ಅರ್ಥದ ಪ್ರಕಟಣೆಗಳನ್ನು ಗೋಡೆಗೆ ಅಂಟಿಸಿದರು. 1884ರ ಹೊತ್ತಿಗೆ 35 ವಿಧವೆಯರು ಅಲ್ಲಿಗೆ ಬಂದುಹೋಗಿದ್ದರೆಂದು ಫುಲೆ ಬರೆದಿದ್ದಾರೆ. ಅವರಲ್ಲೊಬ್ಬಳ ಮಗ ಯಶವಂತನನ್ನೇ ದಂಪತಿ ದತ್ತು ಪಡೆದು ಓದಿಸಿ ಡಾಕ್ಟರ್ ಮಾಡಿದರು.

1881ರಲ್ಲಿ ಸೂರತ್ತಿನಲ್ಲಿ ವಿಜಯಲಕ್ಷ್ಮಿ ಎಂಬ ಎಳೆಯ ವಿಧವೆಗೆ, ಹುಟ್ಟಿದ ಕೂಸನ್ನು ಕೊಂದ ಆರೋಪದ ಮೇಲೆ ನೇಣಿನ ತೀರ್ಪಾಯಿತು. ಮೇಲ್ಮನವಿಯಲ್ಲಿ ಶಿಕ್ಷೆ ಗಡೀಪಾರಿಗೆ ಇಳಿಯಿತು. ಪತ್ರಿಕೆಗಳು ಹೆಂಗಸರ ನಡತೆಯನ್ನು ಜಾಲಾಡಿದವು. ಆ ಸಿಟ್ಟಿಗೆ ಮಹಾರಾಷ್ಟ್ರದ ಬುಲ್ಢಾಣಾದ ತಾರಾಬಾಯಿ ಶಿಂದೆ 1882ರಲ್ಲಿ ‘ಸ್ತ್ರೀಪುರುಷ ತುಲನಾ’ ಬರೆದರು. ಅವಳನ್ನು ಆ ಸ್ಥಿತಿಗೆ ತಂದ ಗಂಡಸಿನ ಹೆಸರನ್ನು ಯಾಕೆ ಯಾರೂ ಕೇಳುವುದಿಲ್ಲ ಎಂಬುದು ಅವರ ವಾದದ ತಿರುಳಾಗಿತ್ತು.

ಕನ್ನಡದ ಓದುಗರಿಗೆ ಈ ಕತ್ತಲು ಹೊಸದಲ್ಲ. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂತು. ಮಲೆನಾಡಿನ ಅಗ್ರಹಾರದ ಬಾಲವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಸಾಯಲೆಂದು ಹಾವಿನ ಹುತ್ತಕ್ಕೆ ಕೈ ಇಡುತ್ತಾಳೆ. ರಾತ್ರೋರಾತ್ರಿ ಬಸಿರು ತೆಗೆಸಿಕೊಳ್ಳುತ್ತಾಳೆ. ಕೊನೆಗೆ ಜೀವಂತ ಇರುವವಳಿಗೇ ಮಡಕೆ ಒಡೆದು ಶ್ರಾದ್ಧ ಮಾಡಿ ಊರು ಅವಳನ್ನು ಹೊರಗೆ ಹಾಕುತ್ತದೆ. ಹುತ್ತದೊಳಗೆ ಇಟ್ಟ ಆ ಕೈ ಬಸಿರಿನ ನೋವನ್ನು ಹೇಳುತ್ತಿಲ್ಲ. ಹೋಗಲು ಒಂದು ದಾರಿಯೂ ಇಲ್ಲದವಳ ಎದೆಯೊಳಗೆ ಏನಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. ದಂಡ ಸಂಹಿತೆಯ ಕಣ್ಣಿಗೆ ಬಿದ್ದಿರದ ಸಂಗತಿ ಅದೇ.

ಆ ಸಂಗತಿ ಬ್ರಿಟಿಷ್ ನ್ಯಾಯಾಲಯದೊಳಗೆ ಬಂದದ್ದು 1938ರ ಲಂಡನ್ನಿನಲ್ಲಿ. ಸೈನಿಕರಿಂದ ಅತ್ಯಾಚಾರಕ್ಕೊಳಗಾದ, 15 ತುಂಬದ ಹುಡುಗಿಯೊಬ್ಬಳನ್ನು ಸೇಂಟ್ ಮೇರೀಸ್ ಆಸ್ಪತ್ರೆಯ ಹೆಸರಾಂತ ಪ್ರಸೂತಿ ತಜ್ಞ ಅಲೆಕ್ ಬೋರ್ನ್ ಬಳಿಗೆ ಕಳಿಸಿದರು. ಆತ ಕೂಡಲೇ ಶಸ್ತ್ರಚಿಕಿತ್ಸೆ ಮಾಡಲಿಲ್ಲ. ವಾರದಷ್ಟು ಕಾಲ ವಾರ್ಡಿನಲ್ಲಿಟ್ಟುಕೊಂಡು ಅವಳ ಸ್ವಭಾವವನ್ನು ಗಮನಿಸಿದ. ಬುದ್ಧಿ ಮಂದವಾಗಿದ್ದರೆ ಅಥವಾ ನಡತೆ ಕೆಟ್ಟಿದ್ದರೆ ಬಸಿರಿನಿಂದ ಮನಸ್ಸಿಗೆ ಹಾನಿಯಾಗಲಾರದು ಎಂಬುದು ಅವನ ನಂಬಿಕೆ. ಒಂದು ದಿನ ತಪಾಸಣೆಗೆಂದು ಸ್ವಾಬ್ ತೆಗೆಯುವಾಗ ಅಲ್ಲಿಯವರೆಗೆ ಗಟ್ಟಿಯಾಗಿದ್ದ ಹುಡುಗಿ ಒಡೆದುಹೋದಳು, ಬಿಕ್ಕಿಬಿಕ್ಕಿ ಅತ್ತಳು. ಆ ಅಳುವೇ ಬೋರ್ನ್‌ಗೆ ಸಾಕ್ಷಿಯಾಯಿತು. ಜೂನ್ 14ರಂದು ಶಸ್ತ್ರಚಿಕಿತ್ಸೆ ಮಾಡಿದ, ತಾನೇ ಪೊಲೀಸರ ಮುಂದೆ ನಿಂತ.

ಜುಲೈನಲ್ಲಿ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಬಸಿರು ಮುಂದುವರಿದು ಹೆಣ್ಣಿನ ದೇಹವೋ ಮನಸ್ಸೋ ಛಿದ್ರವಾಗುವಂತಿದ್ದರೆ, ಅದನ್ನು ತಡೆದ ವೈದ್ಯ ಅವಳ ಜೀವ ಉಳಿಸಲು ಕೆಲಸ ಮಾಡಿದಂತೆಯೇ ಎಂದು ನ್ಯಾಯಮೂರ್ತಿ ಮ್ಯಾಕ್ನಾಟನ್ ಜ್ಯೂರಿಗೆ ತಿಳಿಹೇಳಿದರು. ಜ್ಯೂರಿಗೆ ಒಂದು ಗಂಟೆಯೂ ಹಿಡಿಯಲಿಲ್ಲ, ಬೋರ್ನ್ ಬಿಡುಗಡೆಯಾದ. ಅಂದಿನಿಂದ ‘ಜೀವ’ ಎಂಬ ಪದದೊಳಗೆ ಮನಸ್ಸೂ ಸೇರಿಕೊಂಡಿತು. ಜೊತೆಗೆ ಇನ್ನೊಂದು ರೂಢಿಯೂ ಬೇರೂರಿತು. ಹೆಣ್ಣು ತನಗೆ ಬೇಡ ಎಂದರೆ ಸಾಲದು, ತಾನು ಒಡೆದುಹೋಗಿದ್ದೇನೆ ಎಂದು ವೈದ್ಯರ ಕಣ್ಣಿಗೆ ಕಾಣಿಸಬೇಕು. ಬೇಕೆಂದವರಿಗೆಲ್ಲ ಗರ್ಭಪಾತ ಆಗಬೇಕೆಂದು ಬೋರ್ನ್ ಎಂದೂ ಬಯಸಿದವನಲ್ಲ. ಮುಂದೆ ಬ್ರಿಟನ್ನಿನ ಗರ್ಭಪಾತ ವಿರೋಧಿ ಸಂಘವೊಂದು ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿ ಅವನೂ ಇದ್ದ. 1967ರಲ್ಲಿ ಬ್ರಿಟಿಷ್ ಸಂಸತ್ತು ಡೇವಿಡ್ ಸ್ಟೀಲ್ ಮಂಡಿಸಿದ ಗರ್ಭಪಾತ ಕಾಯ್ದೆಯನ್ನು ಒಪ್ಪಿತು. ಅದರೊಳಗೂ ಮಾನಸಿಕ ಆರೋಗ್ಯವೇ ಮುಖ್ಯ ಬಾಗಿಲಾಯಿತು.

ಅದೇ ವರ್ಷಗಳಲ್ಲಿ ಭಾರತವೂ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಹೆರಿಗೆಯನ್ನು ಸರ್ಕಾರದ ಕಾಳಜಿಯಾಗಿ ನೋಡುವುದು ಇಲ್ಲಿ ಹೊಸತಾಗಿರಲಿಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿತ್ತು. ಆದರೆ ಬಸಿರು ನಿಂತ ಮೇಲೆ ಏನು? ಸೂಲಗಿತ್ತಿಯ ಕಷಾಯ, ಬೇರು, ಕಡ್ಡಿ. ಆಮೇಲೆ ನಂಜು, ಜ್ವರ, ಸಾವು. 1964ರಲ್ಲಿ ಕೇಂದ್ರ ಸರ್ಕಾರ ಮಹಾರಾಷ್ಟ್ರದ ಆರೋಗ್ಯ ಸಚಿವ ಶಾಂತಿಲಾಲ್ ಶಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1966ರ ಡಿಸೆಂಬರ್ ಕೊನೆಗೆ ವರದಿ ಬಂತು. 50 ಕೋಟಿ ಜನರಿರುವ ದೇಶದಲ್ಲಿ ವರ್ಷಕ್ಕೆ 65 ಲಕ್ಷ ಗರ್ಭಪಾತ, ಅದರಲ್ಲಿ 39 ಲಕ್ಷ ಬೇಕೆಂದೇ ಮಾಡಿಸಿಕೊಂಡದ್ದು ಎಂಬುದು ಸಮಿತಿಯ ಅಂದಾಜು. 312ನೇ ಕಲಮಿಗೆ ಹೆದರಿ ಇವರಲ್ಲಿ ಬಹುಪಾಲು ಹೆಂಗಸರು ಕತ್ತಲಲ್ಲೇ ಹೋಗಿಬರುತ್ತಿದ್ದರು.

1971ರ ಆಗಸ್ಟ್‌ನಲ್ಲಿ ಕಾಯ್ದೆಯಾಯಿತು, 1972ರ ಏಪ್ರಿಲ್ 1ರಿಂದ ಜಾರಿಗೆ ಬಂತು. 12 ವಾರದವರೆಗೆ ಒಬ್ಬ ವೈದ್ಯರ, 20 ವಾರದವರೆಗೆ ಇಬ್ಬರ ಅಭಿಪ್ರಾಯ ಬೇಕು. ಈ ಕಾಯ್ದೆಯ ನಿಜವಾದ ಜಾಣತನ ಇದ್ದದ್ದು ಕೆಳಗಿನ ಎರಡು ವಿವರಣೆಗಳಲ್ಲಿ. ಅತ್ಯಾಚಾರದಿಂದ ಬಸಿರಾಗಿದ್ದರೆ ಅದರ ಸಂಕಟವೇ ಮಾನಸಿಕ ಆರೋಗ್ಯಕ್ಕೆ ತೀವ್ರ ಹಾನಿ ಎಂದು ಭಾವಿಸತಕ್ಕದ್ದು ಎಂದಿತು ಮೊದಲನೆಯದು. ಮದುವೆಯಾದವಳು ಅಥವಾ ಅವಳ ಗಂಡ ಬಳಸಿದ ಗರ್ಭನಿರೋಧಕ ಕೈಕೊಟ್ಟಿದ್ದರೆ ಆ ಸಂಕಟವನ್ನೂ ಹಾಗೆಯೇ ಭಾವಿಸಬಹುದು ಎಂದಿತು ಎರಡನೆಯದು. ಹೆಣ್ಣು ಬದುಕುತ್ತಿರುವ ಸುತ್ತಲ ಪರಿಸ್ಥಿತಿಯನ್ನೂ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳಬಹುದಿತ್ತು.

ಲಂಡನ್ನಿನ ಹುಡುಗಿ ಅತ್ತು ತೋರಿಸಬೇಕಾಯಿತು. ಮದುವೆಯಾದ ಭಾರತದ ಹೆಣ್ಣು ಅಳಬೇಕಾಗಿರಲಿಲ್ಲ, ನಿರೋಧ್ ಹರಿಯಿತು ಎಂದರೆ ಸಾಕಿತ್ತು. ಮನೋವೈದ್ಯರ ಮುಖ ನೋಡದೆಯೇ ಅವಳ ಮನಸ್ಸಿಗೆ ಪೆಟ್ಟಾಗಿದೆ ಎಂದು ಕಾನೂನು ಒಪ್ಪಿಕೊಳ್ಳುತ್ತಿತ್ತು. ಇದು ದೊಡ್ಡ ಕರುಣೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕರುಣೆ ಹರಿದದ್ದು ತಾಳಿಯ ಸುತ್ತ. ಮದುವೆಯಾಗದವಳ ಸಂಕಟ, ಗಂಡ ಬಿಟ್ಟವಳ ಸಂಕಟ, ವಿಧವೆಯ ಸಂಕಟ, ಅಂದರೆ ಯಮುನಕ್ಕನ ಸಂಕಟ, ಆ ಎರಡನೆಯ ವಿವರಣೆಯೊಳಗೆ ಬರಲೇ ಇಲ್ಲ.

ಬಸಿರನ್ನು ತೆಗೆಸಿದರೆ ಮನಸ್ಸು ಕೆಡುತ್ತದೆಯೇ, ತೆಗೆಸಲು ಬಿಡದಿದ್ದರೆ ಕೆಡುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಉತ್ತರ ಹುಡುಕತೊಡಗಿದ್ದೂ ಆ ಕಾಲದಲ್ಲೇ. ಶಾ ಸಮಿತಿ ವರದಿ ಕೊಟ್ಟ 1966ರಲ್ಲೇ ಸ್ವೀಡನ್ನಿನ ಫೋರ್ಸ್‌ಮನ್ ಮತ್ತು ತೂವೆ ಎಂಬ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. 1939ರಿಂದ 1941ರ ನಡುವೆ ಗೋಥೆನ್‌ಬರ್ಗ್‌ನಲ್ಲಿ ಗರ್ಭಪಾತಕ್ಕೆ ಅರ್ಜಿ ಹಾಕಿ ಇಲ್ಲವೆನಿಸಿಕೊಂಡ ತಾಯಂದಿರ 120 ಮಕ್ಕಳನ್ನು 21 ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನ ಅದು. ಅದೇ ಆಸ್ಪತ್ರೆಯಲ್ಲಿ ಅವರ ಬೆನ್ನಿಗೇ ಹುಟ್ಟಿದ ಮಕ್ಕಳಿಗೆ ಹೋಲಿಸಿದರೆ ಇವರಲ್ಲಿ ಮನೋವೈದ್ಯರ ಬಳಿಗೆ ಹೋದವರು ಹೆಚ್ಚಿದ್ದರು. ಪ್ರಾಗ್‌ನಲ್ಲಿ ಜ್ದೆನೆಕ್ ಮಾತೇಚೆಕ್ ಮತ್ತು ಅಮೆರಿಕದ ಹೆನ್ರಿ ಡೇವಿಡ್ ತಂಡ ಇನ್ನೂ ದೂರ ಹೋಯಿತು. ಒಂದೇ ಬಸಿರಿಗೆ ಎರಡು ಸಲ ಅರ್ಜಿ ಹಾಕಿ ಎರಡೂ ಸಲ ಇಲ್ಲವೆನಿಸಿಕೊಂಡವರಿಗೆ 1961–63ರಲ್ಲಿ ಹುಟ್ಟಿದ 220 ಮಕ್ಕಳನ್ನು ಅವರು ನಡುವಯಸ್ಸಿನ ಹೊಸ್ತಿಲವರೆಗೆ ಗಮನಿಸಿದರು. ಅಲ್ಲಿಯೂ ಸಂಬಂಧಗಳಲ್ಲಿ ಬಿರುಕು, ಕೆಲಸದಲ್ಲಿ ಅತೃಪ್ತಿ, ಮನೋಚಿಕಿತ್ಸೆ ಹೆಚ್ಚಾಗಿಯೇ ಕಂಡವು.

ಅಮೆರಿಕದಲ್ಲಿ ವಾದ ತಿರುಗುಮುರುಗಾಯಿತು. ಗರ್ಭಪಾತವೇ ಹೆಣ್ಣಿನ ಮನಸ್ಸನ್ನು ಹಾಳುಮಾಡುತ್ತದೆ ಎಂಬ ಮಾತು 1980ರ ದಶಕದಲ್ಲಿ ರಾಜಕೀಯದೊಳಗೆ ಬಲವಾಯಿತು. 1987ರಲ್ಲಿ ಅಧ್ಯಕ್ಷ ರೇಗನ್ ಸಾರ್ವಜನಿಕ ಆರೋಗ್ಯದ ಮುಖ್ಯಸ್ಥ, ಅಂದರೆ ಸರ್ಜನ್ ಜನರಲ್, ಎವರೆಟ್ ಕೂಪ್‌ಗೆ ಇದರ ಬಗ್ಗೆ ವರದಿ ಕೇಳಿದರು. ಕೂಪ್ ಸ್ವತಃ ಗರ್ಭಪಾತದ ಕಟ್ಟಾ ವಿರೋಧಿ. ಆದರೂ 1989ರ ಜನವರಿಯಲ್ಲಿ ಅವರು ಬರೆದ ಪತ್ರ, ಇರುವ ಅಧ್ಯಯನಗಳಿಂದ ಹಾಗೆಂದೂ ಹೀಗೆಂದೂ ತೀರ್ಮಾನಿಸಲಾಗದು ಎಂದಿತು. ತನ್ನ ನಂಬಿಕೆಗೆ ಅನುಕೂಲವಾದ ಉತ್ತರವನ್ನು ಬರೆದುಕೊಡದ ಆ ವೈದ್ಯನ ಪ್ರಾಮಾಣಿಕತೆ ನೆನಪಿಡಬೇಕಾದ್ದು.

ಕೂಪ್ ಕೈಯಲ್ಲಿ ಇರದಿದ್ದ ಪುರಾವೆಯನ್ನು ಕೂಡಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಯಾನಾ ಗ್ರೀನ್ ಫಾಸ್ಟರ್ ತಂಡದ ‘ಟರ್ನ್‌ಅವೇ’ ಅಧ್ಯಯನ. 2008–2010ರಲ್ಲಿ 30 ಚಿಕಿತ್ಸಾಲಯಗಳಿಗೆ ಬಂದ, ಹೆಚ್ಚುಕಡಿಮೆ ಸಾವಿರ ಹೆಂಗಸರನ್ನು ಅದು ಸೇರಿಸಿಕೊಂಡಿತು. ಕೆಲವರಿಗೆ ಗರ್ಭಪಾತ ಸಿಕ್ಕಿತ್ತು. ಕೆಲವರನ್ನು ದಿನ ಮೀರಿದೆ ಎಂದು ಹಿಂದಕ್ಕೆ ಕಳಿಸಲಾಗಿತ್ತು. 5 ವರ್ಷ ಅವರನ್ನು ಮತ್ತೆಮತ್ತೆ ಮಾತಾಡಿಸಿದರು. ವಾಪಸು ಕಳಿಸಿದ ಹೊಸತರಲ್ಲಿ ಆತಂಕ ಹೆಚ್ಚಿದ್ದದ್ದು, ತಮ್ಮ ಬಗ್ಗೆ ತಮಗೇ ಹೆಮ್ಮೆ ಕುಗ್ಗಿದ್ದದ್ದು ಗರ್ಭಪಾತ ಸಿಗದವರಲ್ಲಿ. 6 ತಿಂಗಳಿಂದ ವರ್ಷದೊಳಗೆ ಎರಡೂ ಗುಂಪು ಒಂದು ಸಮಕ್ಕೆ ಬಂದವು. ಗರ್ಭಪಾತ ಮಾಡಿಸಿಕೊಂಡವರಲ್ಲಿ ಖಿನ್ನತೆ ಹೆಚ್ಚಿರಲಿಲ್ಲ, ಅವರಲ್ಲಿ ಬಹುತೇಕರು 5 ವರ್ಷದ ನಂತರವೂ ತಮ್ಮ ನಿರ್ಧಾರ ಸರಿಯಿತ್ತು ಎಂದರು. ಹಾಗೆಂದು ಯಾರಿಗೂ ದುಃಖವಾಗಲಿಲ್ಲ ಎಂದಲ್ಲ. ಬ್ರಿಟನ್ನಿನ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲಿ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದಾಗ, ಮೊದಲೇ ಮಾನಸಿಕ ತೊಂದರೆ ಅನುಭವಿಸಿದವರಿಗೆ ಬಸಿರು ತೆಗೆಸಿದರೂ ಹೆತ್ತರೂ ಮತ್ತೆ ತೊಂದರೆಯ ಸಂಭವ ಹೆಚ್ಚು ಎಂಬುದು ಕಂಡುಬಂತು. ಆಸರೆ ಬೇಕಾದವರು ಅವರು.

ಇಲ್ಲವೆನ್ನುವ ಕಾನೂನಿನ ಬೆಲೆಯನ್ನು ಕರ್ನಾಟಕ ಹತ್ತಿರದಿಂದ ಕಂಡದ್ದು ಐರ್ಲೆಂಡಿನಲ್ಲಿ. 1983ರಲ್ಲಿ ಆ ದೇಶ ಭ್ರೂಣಕ್ಕೆ ತಾಯಿಯಷ್ಟೇ ಜೀವಿಸುವ ಹಕ್ಕನ್ನು ಸಂವಿಧಾನದಲ್ಲೇ ಬರೆಯಿತು. 1992ರಲ್ಲಿ ಅತ್ಯಾಚಾರಕ್ಕೊಳಗಾದ 14ರ ಹುಡುಗಿ ತಾನು ಸಾಯುತ್ತೇನೆ ಎಂದಾಗ, ಆತ್ಮಹತ್ಯೆಯ ಅಪಾಯವೂ ಜೀವಕ್ಕೆ ಅಪಾಯವೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿತು. ಹಾಗಿದ್ದೂ 20 ವರ್ಷ ಅದಕ್ಕೊಂದು ಕಾಯ್ದೆ ಆಗಲಿಲ್ಲ. 2012ರ ಅಕ್ಟೋಬರ್ 28ರಂದು ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ್ ಗಾಲ್ವೆಯ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡಳು. ಉಳಿಯಲಾರದ ಬಸಿರನ್ನು ತೆಗೆಯಿರಿ ಎಂದು ಕೇಳಿದರೂ ಭ್ರೂಣದ ಎದೆಬಡಿತ ನಿಂತಿಲ್ಲವೆಂದು ತೆಗೆಯಲಿಲ್ಲ. ಅವಳಿಗೆ 31 ವರ್ಷ. ಮರುವರ್ಷ ಬಂದ ಕಾಯ್ದೆಯಲ್ಲೂ ದೇಹದ ತುರ್ತಿಗೆ ಒಬ್ಬ ವೈದ್ಯರು ಸಾಕಿದ್ದರೆ, ಸಾಯಬೇಕೆನ್ನಿಸುತ್ತಿದೆ ಎನ್ನುವವಳ ಮಾತಿಗೆ ಮೂವರು ಒಪ್ಪಬೇಕಿತ್ತು. 2018ರ ಮೇ ತಿಂಗಳ ಜನಮತದಲ್ಲಿ ಶೇ 66.4ರಷ್ಟು ಜನ ಆ ಸಂವಿಧಾನದ ಕಲಮನ್ನು ತೆಗೆದುಹಾಕಿದರು. ಡಬ್ಲಿನ್ನಿನ ಗೋಡೆಯೊಂದರಲ್ಲಿ ಬಿಡಿಸಿದ್ದ ಸವಿತಾಳ ಚಿತ್ರದ ಸುತ್ತ ಅವರು ಅಂಟಿಸಿದ ಚೀಟಿಗಳಲ್ಲಿ ಕ್ಷಮೆ ಕೇಳಿದವೂ ಇದ್ದವು.

ಭಾರತದಲ್ಲಿ ಕಾಯ್ದೆ ಇತ್ತು, ಆದರೆ ಅದು ತಲುಪಿದ್ದು ಎಲ್ಲರಿಗೂ ಅಲ್ಲ. 2015ರಲ್ಲಿ ದೇಶದಲ್ಲಿ 1.56 ಕೋಟಿ ಗರ್ಭಪಾತಗಳಾದವೆಂದೂ ಅವುಗಳಲ್ಲಿ ಶೇ 73ರಷ್ಟು ಆಸ್ಪತ್ರೆಯ ಹೊರಗೆ ಮಾತ್ರೆ ನುಂಗಿ ಆದವೆಂದೂ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ನಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಮೆಡಿಕಲ್ ಶಾಪಿನಿಂದ ಗಂಡನೋ ಗೆಳತಿಯೋ ತಂದುಕೊಟ್ಟ ಮಾತ್ರೆ, ರಾತ್ರಿಯಿಡೀ ಬಚ್ಚಲಿನಲ್ಲಿ ಒಬ್ಬಳೇ. ಎಷ್ಟು ರಕ್ತ ಹೋದರೆ ಹೆದರಬೇಕು ಎಂದು ಕೇಳಲು ಹತ್ತಿರ ಯಾರೂ ಇಲ್ಲ. ವಯಸ್ಕಳಾದ ಹೆಣ್ಣಿಗೆ ಅವಳ ಸಹಿ ಒಂದೇ ಸಾಕು ಎಂದು ಕಾಯ್ದೆ ಹೇಳಿದರೂ ಗಂಡನನ್ನು ಕರೆದುಕೊಂಡು ಬಾ ಎನ್ನುವ ಆಸ್ಪತ್ರೆಗಳಿವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯ ನಂತರ 18 ತುಂಬದ ಹುಡುಗಿ ಬಂದರೆ ಪೊಲೀಸರಿಗೆ ತಿಳಿಸಲೇಬೇಕಾಯಿತು. ಪೊಲೀಸ್ ಎಂಬ ಪದ ಕೇಳಿದ ತಾಯಿ ಮಗಳನ್ನು ಕರೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಇಳಿದುಬಿಡುತ್ತಾಳೆ.

ಮನಸ್ಸಿನ ಹೆಸರಿನಲ್ಲಿ ಬಲವಂತವೂ ನಡೆಯಬಹುದು ಎಂಬುದನ್ನು 2009ರ ಚಂಡೀಗಢ ಪ್ರಕರಣ ತೋರಿಸಿತು. ಸರ್ಕಾರಿ ಆಶ್ರಯಧಾಮದಲ್ಲೇ ಅತ್ಯಾಚಾರಕ್ಕೊಳಗಾಗಿ ಬಸಿರಾದ, ಬೌದ್ಧಿಕ ಬೆಳವಣಿಗೆ ಕಡಿಮೆಯಿದ್ದ ತಬ್ಬಲಿ ಯುವತಿಯೊಬ್ಬಳಿಗೆ ಗರ್ಭಪಾತ ಮಾಡಿಸಿ ಎಂದು ಹೈಕೋರ್ಟ್ ಆದೇಶಿಸಿತ್ತು. ಅವಳಿಗೆ ಮಗು ಬೇಕಿತ್ತು. ಮಾನಸಿಕ ಕಾಯಿಲೆ ಬೇರೆ, ಬುದ್ಧಿ ಬೆಳವಣಿಗೆಯ ಕೊರತೆ ಬೇರೆ, ಅವಳ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತಡೆಯಿತು. ಹೆರುವುದೋ ಬಿಡುವುದೋ ಎಂಬ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು.

2021ರ ತಿದ್ದುಪಡಿ ‘ಮದುವೆಯಾದ ಹೆಣ್ಣು ಅಥವಾ ಗಂಡ’ ಎಂದಿದ್ದ ಕಡೆ ‘ಹೆಣ್ಣು ಅಥವಾ ಅವಳ ಸಂಗಾತಿ’ ಎಂದು ಬರೆಯಿತು. ಕೆಲವು ವರ್ಗದವರಿಗೆ ಗಡುವು 24 ವಾರಕ್ಕೆ ಏರಿತು. ಆ ವರ್ಗಗಳೊಳಗೆ ಒಂಟಿ ಹೆಣ್ಣು ಸೇರುತ್ತಾಳೆಯೇ ಎಂಬ ಪ್ರಶ್ನೆ ಹೊತ್ತು, ಸಂಗಾತಿ ಕೈಬಿಟ್ಟ 25ರ ಯುವತಿಯೊಬ್ಬಳು ನ್ಯಾಯಾಲಯಕ್ಕೆ ಬಂದಳು. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಕೊಡಗಿನವರಾದ ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಪೀಠ ಸೇರುತ್ತಾಳೆ ಎಂದಿತು. ಮಾನಸಿಕ ಆರೋಗ್ಯವೆಂದರೆ ಕಾಯಿಲೆ ಇಲ್ಲದಿರುವುದಷ್ಟೇ ಅಲ್ಲ, ಅದನ್ನು ಹೆಣ್ಣಿನ ನಿಜ ಬದುಕಿನ ಸ್ಥಿತಿಗತಿಯೊಳಗಿಟ್ಟು ನೋಡಬೇಕು ಎಂದಿತು. ಮದುವೆಯೊಳಗಿನ ಬಲಾತ್ಕಾರದಿಂದಾದ ಬಸಿರನ್ನೂ ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದ ಬಸಿರೆಂದೇ ಎಣಿಸಿತು. ಯಮುನಕ್ಕನಿಗೆ ಬಾಗಿಲು ತೆರೆಯಲು 1971ರಿಂದ 51 ವರ್ಷ ಹಿಡಿಯಿತು.

ಮರುವರ್ಷವೇ ಆ ಬಾಗಿಲಿನ ಅಳತೆ ಗೊತ್ತಾಯಿತು. 2023ರ ಅಕ್ಟೋಬರ್‌ನಲ್ಲಿ ಎರಡು ಮಕ್ಕಳ ತಾಯಿ, 27ರ ಹೆಣ್ಣೊಬ್ಬಳು ಸುಪ್ರೀಂ ಕೋರ್ಟಿಗೆ ಬಂದಳು. ಎರಡನೆಯ ಹೆರಿಗೆಯ ನಂತರ ಬಂದ ಬಾಣಂತಿ ಸನ್ನಿಗೆ ಔಷಧ ತೆಗೆದುಕೊಳ್ಳುತ್ತಿದ್ದಳು. ಮೊಲೆಯೂಡಿಸುವಾಗ ಮುಟ್ಟು ಬರದಿದ್ದುದರಿಂದ ಮೂರನೆಯ ಬಸಿರು ತಿಳಿಯುವಷ್ಟರಲ್ಲಿ ತಡವಾಗಿತ್ತು. ನ್ಯಾಯಮೂರ್ತಿಗಳಾದ ಹಿಮಾ ಕೊಹ್ಲಿ ಮತ್ತು ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಮೊದಲು ಅನುಮತಿ ಕೊಟ್ಟರು. ಭ್ರೂಣ ಬದುಕುವ ಸಾಧ್ಯತೆಯಿದೆ ಎಂದು ಏಮ್ಸ್ ವೈದ್ಯರು ಬರೆದ ಮೇಲೆ ಇಬ್ಬರ ಅಭಿಪ್ರಾಯ ಬೇರೆಯಾಯಿತು. ಕೊಹ್ಲಿ ಅವರಿಗೆ ಮನಸ್ಸೊಪ್ಪಲಿಲ್ಲ. ಆ ಹೆಣ್ಣಿನ ನಿರ್ಧಾರವನ್ನು ಗೌರವಿಸಬೇಕು ಎಂದು ನಾಗರತ್ನ ನಿಂತರು. ಅಕ್ಟೋಬರ್ 16ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ನೇತೃತ್ವದ ಮೂವರ ಪೀಠ ಅರ್ಜಿಯನ್ನು ತಳ್ಳಿಹಾಕಿತು. 26 ವಾರ 5 ದಿನ ಆಗಿತ್ತು, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ದೋಷವಿಲ್ಲ ಎಂಬುದು ಕಾರಣ. ಹೆರಿಗೆಯ ಖರ್ಚನ್ನು ಸರ್ಕಾರ ಹೊರಲಿ ಎಂದಿತು.

ನಿರೋಧ್ ಹರಿದವಳ ಮನಸ್ಸಿಗೆ ಪೆಟ್ಟಾಗಿದೆ ಎಂದು 50 ವರ್ಷ ಪರೀಕ್ಷೆಯಿಲ್ಲದೆ ಒಪ್ಪಿದ್ದ ಕಾಯ್ದೆ, ಮನೋವೈದ್ಯರ ಚೀಟಿ ಕೈಯಲ್ಲಿ ಹಿಡಿದು ಬಂದವಳಿಗೆ ದಿನ ಮೀರಿದೆ ಎಂದಿತು. ಬಾಣಂತಿಯ ಮನಸ್ಸು ಎಷ್ಟು ಸೂಕ್ಷ್ಮ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್‌ನವರು ಬಲ್ಲರು. ಅಲ್ಲಿ ಇಂಥ ತಾಯಂದಿರನ್ನು ಕೂಸಿನೊಂದಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ಪ್ರತ್ಯೇಕ ವಾರ್ಡ್ ಇದೆ.

ಗರ್ಭಪಾತಕ್ಕೆ ಮುನ್ನ ವೈದ್ಯರು ತುಂಬಬೇಕಾದ ಅಭಿಪ್ರಾಯದ ನಮೂನೆಯೊಂದು 2003ರ ನಿಯಮಾವಳಿಯಲ್ಲಿದೆ. ಐದು ಕಾರಣಗಳನ್ನು ಅದರಲ್ಲಿ ಅಚ್ಚು ಹಾಕಲಾಗಿದೆ: ಜೀವ ಉಳಿಸಲು, ದೇಹ ಮತ್ತು ಮನಸ್ಸಿಗೆ ಆಗುವ ತೀವ್ರ ಹಾನಿ ತಡೆಯಲು, ಹುಟ್ಟುವ ಮಗುವಿಗೆ ಗಂಭೀರ ದೋಷವಿರುವ ಸಂಭವಕ್ಕೆ, ಅತ್ಯಾಚಾರಕ್ಕೆ, ಗರ್ಭನಿರೋಧಕ ಕೈಕೊಟ್ಟದ್ದಕ್ಕೆ. ಅನ್ವಯಿಸುವ ಒಂದನ್ನು ಆರಿಸಿ ಬರೆದು ವೈದ್ಯರು ಸಹಿ ಮಾಡುತ್ತಾರೆ. ಮೇಜಿನ ಈಚೆ ಕೂತವಳು ‘ನಿಂತಿದೆ ಡಾಕ್ಟ್ರೇ, ತೆಗೆಸಬೇಕು’ ಅನ್ನುತ್ತಾಳೆ. ಅವಳ ಆ ಮಾತನ್ನು ಬರೆದುಕೊಳ್ಳಲು ನಮೂನೆಯಲ್ಲಿ ಒಂದು ಸಾಲನ್ನೂ ಬಿಟ್ಟಿಲ್ಲ.